ಹತ್ತನೇ ತರಗತಿ ಹುಡುಗರಿಗೆ ಕೆಲಸಗಳ ಬಗ್ಗೆ ತಿಳಿಸಿಕೊಟ್ಟರೆ ಮುಂದೆ ನೌಕರಿಗೆ ನಿಜಕ್ಕೂ ಉಪಯೋಗ ಆಗ್ತದಾ?

ಕಾಗಿಣಾ_ಮಾಸ್ತರ್ (ಚಿತ್ತಾಪುರ ತಾಲ್ಲೂಕು)

ಶರಣ್ರಿ ಎಲ್ಲರಿಗೂ.

ನಮ್ಮ ಕಡೆ ಸರ್ಕಾರಿ ಪ್ರೌಢಶಾಲೆಯ ಹುಡುಗರನ್ನ ಮುಂದೆ ಏನು ಮಾಡ್ತೀರಿ ಅಂತ ಕೇಳಿದರೆ ಬರುವ ಉತ್ತರ ನಾಲ್ಕೈದೇ. ಪೊಲೀಸ್, ಮಿಲಿಟರಿ, ಮಾಸ್ತರ್, ಪಿ.ಡಿ.ಓ. ಅದು ಆಗದಿದ್ದರೆ ಬೆಂಗಳೂರೋ ಪುಣೆಯೋ ಹೈದರಾಬಾದೋ, ಅಲ್ಲಿ ಯಾವುದಾದರೂ ಕಂಪನಿ. ವಾಡಿ, ಶಹಾಬಾದ, ಮಳಖೇಡ, ಸೇಡಂ ಸುತ್ತ ಇಷ್ಟು ಸಿಮೆಂಟ್ ಕಾರ್ಖಾನೆಗಳಿವೆ. ಅದರೊಳಗೆ ಲೋಡಿಂಗ್ ಬಿಟ್ಟರೆ ಇನ್ನೇನು ಕೆಲಸ ಇದೆ ಅನ್ನೋದು ಗೇಟಿನ ಎದುರಿಗೇ ಬೆಳೆದ ಹುಡುಗನಿಗೂ ಗೊತ್ತಿಲ್ಲ.

ಶನಿವಾರದ ಒಂದು ಪಿರಿಯಡ್ ಇದಕ್ಕೆ ಕೊಡಬೇಕು ಅನ್ನುವ ಯೋಚನೆ ಇದೆ. ಆದರೆ ಶಾಲೆಯಲ್ಲಿ ಒಂದು ಆಕ್ಷೇಪ ಬಂದಿದೆ. ನೌಕರಿ ಸಿಗೋದು ಮಾರ್ಕ್ಸಿನಿಂದ, ಪರಿಚಯದಿಂದ, ರೊಕ್ಕದಿಂದ. ಕೆಲಸದ ಹೆಸರು ಬಾಯಿಪಾಠ ಮಾಡಿಸಿದರೆ ಏನು ಬಂತು ಅಂತ. ಆಕ್ಷೇಪ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ತಿಳಿದವರು ಹೇಳ್ರಿ. ಕೆಲಸಗಳ ಬಗ್ಗೆ ಹೆಚ್ಚು ತಿಳಿದ ಹುಡುಗನಿಗೆ ಮುಂದೆ ಒಳ್ಳೆ ನೌಕರಿ ಸಿಗ್ತದೆ ಅನ್ನೋದಕ್ಕೆ ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರಾ? ಕಲಬುರಗಿ, ಯಾದಗಿರಿ, ಬೀದರ್ ಹುಡುಗರು ತಿಳಿಯಲೇಬೇಕಾದ್ದು ಏನೇನು? ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಹೇಳಲಿಕ್ಕೆ ಏನಾದರೂ ಇರಬೇಕು, ಅದನ್ನ ಮರೀಬ್ಯಾಡ್ರಿ.


ಬಹಮನಿ_ಅರ್ಥಶಾಸ್ತ್ರ (ಕಲಬುರಗಿ)

ಮಾಸ್ತರ್ ಅವರೇ, ಲೆಕ್ಕ ಹಾಕಿ ನೋಡಿದ್ದಾರೆ. ಅಮೆರಿಕದ್ದು, ಹಳೆಯದು, ಆದರೆ ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುತ್ತದೆ.

1966ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಗಾಗಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು 14ರಿಂದ 24 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಹುಡುಗರನ್ನು ಆರಿಸಿ, ವರ್ಷಗಟ್ಟಲೆ ಅವರ ಓದು, ಕೆಲಸ, ಸಂಬಳ ಬರೆದಿಡುತ್ತಾ ಹೋದರು. ಮೊದಲ ಭೇಟಿಯಲ್ಲೇ ಒಂದು ಸಣ್ಣ ಪರೀಕ್ಷೆ ಇತ್ತು. ಹತ್ತು ಕೆಲಸಗಳ ಹೆಸರು ಹೇಳಿ, ಈ ಕೆಲಸದವನು ದಿನವಿಡೀ ಏನು ಮಾಡುತ್ತಾನೆ ಎಂದು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಲು ಹೇಳುತ್ತಿದ್ದರು. ಆಮೇಲೆ ಅದೇ ಕೆಲಸಗಳಿಗೆ ಸಾಮಾನ್ಯವಾಗಿ ಎಷ್ಟು ಓದಿರುತ್ತಾರೆ ಎಂಬ ಪ್ರಶ್ನೆ. ಕೊನೆಗೆ ಜೋಡಿ ಜೋಡಿಯಾಗಿ ಎರಡು ಕೆಲಸ ಹೇಳಿ, ವರ್ಷಕ್ಕೆ ಯಾರು ಹೆಚ್ಚು ದುಡಿಯುತ್ತಾರೆ ಎಂದು ಕೇಳುವುದು. ಆ ಹತ್ತರಲ್ಲಿ ಆಸ್ಪತ್ರೆಯ ವಾರ್ಡ್ ಸಹಾಯಕ, ಮೆಷಿನಿಸ್ಟ್, ಗ್ಯಾಸ್ ವೆಲ್ಡರ್, ಫೋರ್ಕ್‌ಲಿಫ್ಟ್ ಚಾಲಕ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ಬಾಯ್ಲರ್ ಮತ್ತು ಜನರೇಟರ್ ನೋಡಿಕೊಳ್ಳುವವನು, ಇಂಥವು ಇದ್ದವು.

ಈ ಅಂಕಗಳನ್ನು ಇಟ್ಟುಕೊಂಡು ಹರ್ಬರ್ಟ್ ಪಾರ್ನ್ಸ್ ಮತ್ತು ಆಂಡ್ರ್ಯೂ ಕೋಹೆನ್ 1975ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇಷ್ಟು: 1966ರಲ್ಲಿ ಹೆಚ್ಚು ಅಂಕ ತೆಗೆದ ಹುಡುಗರು ಎರಡು ವರ್ಷದ ನಂತರ ಮೇಲ್ಮಟ್ಟದ ಕೆಲಸದಲ್ಲಿದ್ದರು, ಗಂಟೆಯ ಸಂಬಳವೂ ಹೆಚ್ಚಿತ್ತು. ಓದಿನ ವರ್ಷ, ಬುದ್ಧಿಶಕ್ತಿ ಪರೀಕ್ಷೆಯ ಅಂಕ, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಉಳಿಯಿತು.

ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಶಾಲೆಯ ಆಕ್ಷೇಪಕ್ಕೆ ಅನ್ಯಾಯ ಮಾಡಿದಂತೆ. ಚುರುಕು ಹುಡುಗ ಎಲ್ಲವನ್ನೂ ಗಮನಿಸುತ್ತಾನೆ, ಕೆಲಸಗಳನ್ನೂ ಗಮನಿಸಿರುತ್ತಾನೆ, ಅವನಿಗೆ ಹೇಗೂ ಒಳ್ಳೆಯ ಕೆಲಸ ಸಿಗುತ್ತದೆ ಎಂದು ವಾದಿಸಬಹುದು. ಜ್ವಿ ಗ್ರಿಲಿಚಸ್ ಎಂಬ ದೊಡ್ಡ ಅರ್ಥಶಾಸ್ತ್ರಜ್ಞ 1976ರಲ್ಲಿ ಇದೇ ಪರೀಕ್ಷೆಯ ಅಂಕವನ್ನು ಸಾಮರ್ಥ್ಯದ ಅಳತೆಯಾಗಿಯೇ ಬಳಸಿದರು. ಹಾಗಾಗಿ ಅಮೆರಿಕದ ಲೆಕ್ಕದಿಂದ ತಿಳಿವಳಿಕೆ ಮತ್ತು ನೌಕರಿ ಜೊತೆಗಿವೆ ಎನ್ನಬಹುದು. ತಿಳಿವಳಿಕೆಯೇ ನೌಕರಿ ಕೊಡಿಸಿತು ಎಂದು ಅಷ್ಟರಿಂದಲೇ ಹೇಳಲಾಗದು.

ಅದಕ್ಕೆ ಪ್ರಯೋಗ ಬೇಕು. ಹತ್ತಿರದ ಪ್ರಯೋಗ ಒಂದಿದೆ. ಡೊಮಿನಿಕನ್ ಗಣರಾಜ್ಯದಲ್ಲಿ 2001ರಲ್ಲಿ ರಾಬರ್ಟ್ ಜೆನ್ಸನ್ ಎಂಟನೇ ತರಗತಿಯ ಹುಡುಗರನ್ನು ಕೇಳಿ ನೋಡಿದರು. ಪ್ರೌಢಶಾಲೆ ಮುಗಿಸಿದರೆ ಎಷ್ಟು ಹೆಚ್ಚು ದುಡಿಯಬಹುದು ಎಂಬುದನ್ನು ಅವರು ನಿಜಕ್ಕಿಂತ ತೀರಾ ಕಡಿಮೆ ಅಂದಾಜು ಮಾಡಿದ್ದರು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಶಾಲೆಗಳಲ್ಲಿ ನಿಜವಾದ ಅಂಕಿ ಹೇಳಿದರು, ಉಳಿದ ಕಡೆ ಹೇಳಲಿಲ್ಲ. ಅಂಕಿ ಕೇಳಿದ ಹುಡುಗರು ಮುಂದಿನ ನಾಲ್ಕು ವರ್ಷದಲ್ಲಿ ಸರಾಸರಿ 0.20ರಿಂದ 0.35 ವರ್ಷ ಹೆಚ್ಚು ಓದಿದರು. ಒಂದು ಮಾತು ಹೇಳಿದ್ದಕ್ಕೆ ಇಷ್ಟು ಬಂದದ್ದು ಸಣ್ಣದೇನಲ್ಲ. ಆದರೆ ತೀರಾ ಬಡವರ ಮನೆಯ ಹುಡುಗರಲ್ಲಿ ಹೆಚ್ಚಿನ ಪರಿಣಾಮ ಕಾಣಲಿಲ್ಲ. ಅವರ ಅಂದಾಜು ತಿದ್ದಿತು, ಓದು ಮುಂದುವರಿಸುವ ಶಕ್ತಿ ಇರಲಿಲ್ಲ. ನಮ್ಮ ಜಿಲ್ಲೆಗಳಿಗೆ ಈ ಭಾಗವೇ ಮುಖ್ಯ. ಶನಿವಾರ ಹೇಳುವ ಪ್ರತಿ ದಾರಿಯ ಜೊತೆಗೆ ಅದಕ್ಕೆ ತಗಲುವ ಖರ್ಚು, ಸಿಗುವ ಹಾಸ್ಟೆಲು, ವಿದ್ಯಾರ್ಥಿವೇತನ, ಸ್ಟೈಪೆಂಡು ಹೇಳದಿದ್ದರೆ, ಕೇಳಿಸಿಕೊಂಡ ಹುಡುಗ ಆಸೆಪಟ್ಟು ಸುಮ್ಮನಾಗುತ್ತಾನೆ.


ಫಿಟ್ಟರ್_ಯಾದಗಿರಿ

ಮಾಸ್ತರ್ರ, ಐ.ಟಿ.ಐ. ಕಡೀಂದ ನಾ ಹೇಳ್ತೀನ್ರಿ. ಇಲ್ಲಿ ಹುಡುಗರು ಸೋಲೋದು ಮಾರ್ಕ್ಸಿನಾಗ ಅಲ್ಲ, ಅರ್ಜಿ ತುಂಬೋ ದಿನಾನೇ ಸೋಲ್ತಾರ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮ್ಯಾಲ ಪ್ರವೇಶ ಶುರು ಆಗ್ತದ. ಟ್ರೇಡಿನ, ಅಂದ್ರ ಕಸುಬಿನ ಕೋರ್ಸಿನ, ಪಟ್ಟಿಯೊಳಗ ಹುಡುಗರಿಗಿ ಗೊತ್ತಿರೋ ಹೆಸರು ಎರಡೇ, ಎಲೆಕ್ಟ್ರಿಷಿಯನ್ ಮತ್ತ ಫಿಟ್ಟರ್. ಎಲ್ಲರೂ ಅದನ್ನೇ ಬರೀತಾರ, ಸೀಟ್ ಸಿಗಲಿಲ್ಲಂದ್ರ ಪಿ.ಯು. ಆರ್ಟ್ಸಿಗಿ ಹೋಗ್ತಾರ. ಕೆಳಗಿರೋ ಹೆಸರು ಏನಂತ ಯಾರೂ ಕೇಳಂಗಿಲ್ಲ. ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್ ಅಂತ ಎರಡು ವರ್ಷದ ಟ್ರೇಡ್ ಅದ, ಎ.ಓ.ಸಿ.ಪಿ. ಅಂತಾರ. ಕಡೇಚೂರು-ಬಾಡಿಯಾಳದಾಗ, ಬೀದರಿನ ಕೊಳಾರದಾಗ ಇರೋ ಔಷಧಿ ಮತ್ತ ರಾಸಾಯನಿಕ ಘಟಕಗಳಿಗಿ ಬೇಕಾಗಿರೋದು ಅದೇ. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಸಿಮೆಂಟಿಗೂ ಬೇಕು, ಔಷಧಿ ಕಾರ್ಖಾನೆಗೂ ಬೇಕು. ಒತ್ತಡ, ಉಷ್ಣತೆ, ಹರಿವು ಅಳೆಯೋ ಮೀಟರ್ ಸರಿ ಇಡೋ ಕೆಲಸ. ಈ ಟ್ರೇಡ್ ಎಲ್ಲಾ ಐ.ಟಿ.ಐ. ಒಳಗ ಇರಂಗಿಲ್ರಿ, ಬೇರೆ ಊರಿಗಿ ಹೋಗಬೇಕಾಗ್ತದ. ಅದಕ್ಕೇ ಮೊದಲೇ ಹುಡುಕಿಡಬೇಕು.

ಫೇಲಾದವರ ಮಾತು ಕೇಳಿದ್ರಿ. ವೆಲ್ಡರ್ ಟ್ರೇಡಿಗಿ ಎಂಟನೇ ತರಗತಿ ಪಾಸಾದ್ರ ಸಾಕು, ಒಂದೇ ವರ್ಷ. ವೈರ್‌ಮನ್ನಿಗೂ ಎಂಟನೇದೇ, ಎರಡು ವರ್ಷ. ಎಸ್ಸೆಸ್ಸೆಲ್ಸಿ ಫೇಲಾದವನಿಗಿ ಐ.ಟಿ.ಐ. ಬಾಗಲ ಮುಚ್ಚೇದ ಅಂತ ಊರೂರಾಗ ನಂಬ್ಯಾರ, ಅದು ತಪ್ಪು.

ಕಾಲೇಜು ನೋಡುವಾಗ ಕಟ್ಟಡ ನೋಡಬ್ಯಾಡ್ರಿ. ಖಾಸಗಿ ಐ.ಟಿ.ಐ. ಆದ್ರ, ಆ ಟ್ರೇಡಿಗಿ ಎನ್.ಸಿ.ವಿ.ಟಿ. (ಕೇಂದ್ರದ ಮಂಡಳಿ) ಇಲ್ಲಾ ಎಸ್.ಸಿ.ವಿ.ಟಿ. (ರಾಜ್ಯದ ಮಂಡಳಿ) ಮಾನ್ಯತೆ ಅದನೋ ಇಲ್ಲೋ ಪೋರ್ಟಲ್‌ದಾಗ ಹೆಸರು ಹಾಕಿ ನೋಡ್ರಿ. ಒಂದೇ ಕಾಲೇಜಿನಾಗ ಒಂದು ಟ್ರೇಡಿಗಿ ಮಾನ್ಯತೆ ಇದ್ದು ಇನ್ನೊಂದಕ್ಕ ಇಲ್ಲದೇ ಇರಬಹುದು. ಎರಡು ವರ್ಷ ಕಳೆದ ಮ್ಯಾಲ ಅದು ತಿಳಿದ್ರ ರೈಲ್ವೆ ಅರ್ಜಿಗಿ ಆ ಸರ್ಟಿಫಿಕೇಟ್ ನಡ್ಯಂಗಿಲ್ಲ.

ಇನ್ನ ಎಲ್ಲಕ್ಕಿಂತ ದೊಡ್ಡ ತೂತು ಎಲ್ಲದ ಅಂದ್ರ, ಐ.ಟಿ.ಐ. ಪಾಸಾದ ಮ್ಯಾಲ ಅಪ್ರೆಂಟಿಸ್, ಅಂದ್ರ ಕಾರ್ಖಾನೆಯೊಳಗ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯೋದು, ಮಾಡದೇ ಬಿಡೋದು. ಅಪ್ರೆಂಟಿಸ್ ಕಾಯ್ದೆ 1961ರದು. 30 ಅಥವಾ ಹೆಚ್ಚು ಮಂದಿ ದುಡಿಯೋ ಸಂಸ್ಥೆ, ಗುತ್ತಿಗೆಯವರನ್ನೂ ಲೆಕ್ಕಕ್ಕ ಹಿಡಿದು, ತನ್ನ ಒಟ್ಟು ಬಲದ 2.5ರಿಂದ 15 ಶೇಕಡಾ ಅಪ್ರೆಂಟಿಸ್ ತಗೊಳ್ಳಲೇಬೇಕು. ಸಾವಿರ ಮಂದಿ ಇರೋ ಕಾರ್ಖಾನೆ ಅಂದ್ರ ಕಮ್ಮಿ ಅಂದ್ರೂ 25 ಹುಡುಗರು. ಈ ಲೆಕ್ಕ ನಮ್ಮ ಹುಡುಗರಿಗಿ ಗೊತ್ತಿಲ್ಲ, ಅವರ ಅಪ್ಪಂದಿರಿಗೂ ಗೊತ್ತಿಲ್ಲ. ಕೆಲಸ ಕೊಡ್ರಿ ಅಂತ ಗೇಟಿನ ಮುಂದ ನಿಲ್ತಾರ, ಅಪ್ರೆಂಟಿಸ್ ತಗೋರಿ ಅಂತ ಕೇಳಂಗಿಲ್ಲ. 2019ರ ನಿಯಮದಾಗ ಐ.ಟಿ.ಐ. ಆದವನಿಗಿ ತಿಂಗಳಿಗಿ ಕಮ್ಮಿ ಅಂದ್ರ 7,000 ರೂಪಾಯಿ ಸ್ಟೈಪೆಂಡ್ ಬರೆದಾರ. ಮುಗಿದ ಮ್ಯಾಲ ಪರೀಕ್ಷೆ ಬರೆದ್ರ ಎನ್.ಎ.ಸಿ., ಅಂದ್ರ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್.

ಅಪ್ರೆಂಟಿಸ್ ಪೋರ್ಟಲ್‌ದಾಗ ಹುಡುಗ ತನ್ನ ಹೆಸರು ನೋಂದಾಯಿಸೋ ಮೊದಲ ಆಧಾರ್ ಮತ್ತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪಕ್ಕಪಕ್ಕ ಇಟ್ಟು ನೋಡ್ರಿ. ಒಂದರಾಗ 'ಶರಣಪ್ಪ', ಇನ್ನೊಂದರಾಗ 'ಶರಣಬಸಪ್ಪ', ಹುಟ್ಟಿದ ದಿನ ಬ್ಯಾರೆ, ಇಂಥಾವು ಭಾಳ. ಒಂಬತ್ತನೇ ತರಗತಿಯೊಳಗೇ ಇದನ್ನ ಹೊಂದಿಸಿದ್ರ ಮುಂದಿನ ಎಲ್ಲಾ ಅರ್ಜಿ ಸರಳ ಹೋಗ್ತಾವ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮ್ಯಾಲ ಅದರಾಗಿನ ಹೆಸರು ತಿದ್ದಿಸೋದು ದೊಡ್ಡ ಕೆಲಸ.


ಕೊಳಾರ_ಬಿ_ಶಿಫ್ಟ್ (ಬೀದರ್)

ಮೇಲಿನ ಇಬ್ಬರೂ ಹೇಳಿದ್ದು ಸರಿ ಇದೆ. ಕಾರ್ಖಾನೆ ಒಳಗಿನಿಂದ ಒಂದು ಮಾತು ಸೇರಿಸುತ್ತೇನೆ. ಕೆಲಸದ ಹೆಸರು ಗೊತ್ತಿದ್ದರೆ ಅರ್ಧವೂ ಆಗಲಿಲ್ಲ, ಯಾಕಂದರೆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳಿವೆ.

ವೆಲ್ಡರನ್ನೇ ತಗೊಳ್ಳಿ. ರಸ್ತೆ ಬದಿಯಲ್ಲಿ ಗೇಟು, ಗ್ರಿಲ್ಲು, ಟ್ರಾಲಿ ಮಾಡುವವನೂ ವೆಲ್ಡರ್. ಉಗಿ ಹರಿಯುವ ಪೈಪಿನ ಕೀಲು ಕೂಡಿಸುವವನೂ ವೆಲ್ಡರ್. ಎರಡನೆಯವನಿಗೆ ಬೇರೆಯೇ ಪರೀಕ್ಷೆ, 3ಜಿ, 6ಜಿ ಅಂತ. 3ಜಿ ಅಂದರೆ ತಗಡು ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಕೆಳಗಿನಿಂದ ಮೇಲಕ್ಕೆ ಬೆಸುಗೆ ಹಾಕಬೇಕು. 6ಜಿ ಅಂದರೆ ಪೈಪು 45 ಡಿಗ್ರಿ ಓರೆಯಾಗಿ ಕದಲದಂತೆ ಬಿಗಿದಿರುತ್ತದೆ, ಅದನ್ನು ತಿರುಗಿಸುವ ಹಾಗಿಲ್ಲ, ವೆಲ್ಡರೇ ಸುತ್ತ ಬರಬೇಕು. ಮೊದಲ ಪದರ ಟಿಗ್‌ನಲ್ಲಿ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಹಾಕುವ ಬೆಸುಗೆ), ಮೇಲಿನವು ವೆಲ್ಡಿಂಗ್ ಕಡ್ಡಿಯಲ್ಲಿ. ಆಮೇಲೆ ಕೀಲನ್ನು ಎಕ್ಸ್‌ರೇ ಮಾಡುತ್ತಾರೆ ಅಥವಾ ಪಟ್ಟಿ ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ಐ.ಟಿ.ಐ. ಮುಗಿಸಿದ ಹುಡುಗರು ಇಲ್ಲಿ ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಕೀಲಿನ ತಳದ ತನಕ ಲೋಹ ಇಳಿದಿರುವುದಿಲ್ಲ, ಮೇಲೆ ಮಾತ್ರ ಚೆಂದ ಕಾಣುತ್ತದೆ. ಇನ್ನೊಂದು, ಇ7018 ಕಡ್ಡಿಯನ್ನು ಒಲೆಯಲ್ಲಿ ಒಣಗಿಸದೆ ಹಾಗೇ ಬಳಸಿರುತ್ತಾರೆ. ತೇವದಿಂದ ಬೆಸುಗೆಯೊಳಗೆ ಗುಳ್ಳೆ, ಬಿರುಕು ಬರುತ್ತವೆ. ಔಷಧಿ ಕಾರ್ಖಾನೆಯ ಸ್ಟೀಲ್ ಪೈಪಿಗೆ ಇನ್ನೊಂದು ಎಚ್ಚರ ಬೇಕು. ಪೈಪಿನ ಒಳಗೂ ಆರ್ಗಾನ್ ತುಂಬದೆ ಬೆಸುಗೆ ಹಾಕಿದರೆ ಒಳಮೈ ಕಪ್ಪಾಗಿ ಒರಟಾಗುತ್ತದೆ, ಆ ಕೀಲನ್ನು ಕತ್ತರಿಸಿ ಎಸೆಯಬೇಕು. ಹೀಗೊಂದು ಪರೀಕ್ಷೆ ಇದೆ ಎಂದು ಮೊದಲೇ ಗೊತ್ತಿರುವ ಹುಡುಗ ಐ.ಟಿ.ಐ. ವರ್ಷದಲ್ಲೇ ಟಿಗ್ ಮೇಲೆ ಕೈ ಕೂರಿಸಿಕೊಳ್ಳುತ್ತಾನೆ. ಗೊತ್ತಿಲ್ಲದವನು ಗ್ರಿಲ್ಲಿನ ಕೈಯಲ್ಲೇ ಪರೀಕ್ಷೆಗೆ ಬರುತ್ತಾನೆ.

ಅಮೆರಿಕದ ಪರೀಕ್ಷೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನ ಪ್ರಶ್ನೆ ಇತ್ತು ಎಂದಿರಿ. ಅದೇ ಪ್ರಶ್ನೆ ಇಲ್ಲಿ ಕೇಳಿದರೂ ಬಹಳ ಹುಡುಗರಿಗೆ ಉತ್ತರ ಬರಲಿಕ್ಕಿಲ್ಲ. ಔಷಧಿ ಘಟಕ, ಸಕ್ಕರೆ ಕಾರ್ಖಾನೆ, ದೊಡ್ಡ ಆಸ್ಪತ್ರೆ, ಎಲ್ಲ ಕಡೆ ಉಗಿ ಬೇಕು. ಬಾಯ್ಲರಿನ ಹತ್ತಿರ ಅರ್ಹತಾ ಪತ್ರ ಇರುವ ಅಟೆಂಡೆಂಟ್ ಇರಲೇಬೇಕು ಎಂಬ ನಿಯಮ ಹಳೆಯ 1923ರ ಕಾಯ್ದೆಯ ಕಾಲದಿಂದಲೂ ಇದೆ. ಆ ಪತ್ರಕ್ಕೆ ಬಾಯ್ಲರುಗಳ ಇಲಾಖೆ ಪರೀಕ್ಷೆ ನಡೆಸುತ್ತದೆ, ಎರಡನೇ ದರ್ಜೆ ಮೊದಲು, ಅನುಭವದ ಮೇಲೆ ಮೊದಲನೇ ದರ್ಜೆ. ಕೆಲಸ ಏನೆಂದರೆ ನೀರಿನ ಮಟ್ಟದ ಗಾಜು ನೋಡುವುದು, ಒತ್ತಡ ಬರೆದಿಡುವುದು, ತಳದ ಕೆಸರನ್ನು ಆಗಾಗ ಹೊರಬಿಡುವುದು, ನೀರಿನ ಗಡಸುತನ ಪರೀಕ್ಷಿಸುವುದು. ನೀರು ಕಮ್ಮಿಯಾದದ್ದು ಕಾಣದೆ ಹೋದರೆ ಕೊಳವೆಗಳು ಸುಟ್ಟು ಒಡೆಯುತ್ತವೆ, ಜೀವಕ್ಕೇ ಅಪಾಯ. ಅದಕ್ಕೇ ಕಾನೂನು ಪತ್ರ ಕೇಳುತ್ತದೆ, ಅದಕ್ಕೇ ಪತ್ರ ಇದ್ದವನನ್ನು ಸುಲಭವಾಗಿ ಬಿಡುವುದಿಲ್ಲ. ಹೆಲ್ಪರ್ ಆಗಿ ಬಾಯ್ಲರ್ ಹತ್ತಿರವೇ ವರ್ಷಗಟ್ಟಲೆ ಇದ್ದು, ಆ ಅನುಭವಕ್ಕೆ ಪತ್ರ ಬರೆಸಿಕೊಳ್ಳದೆ, ಪರೀಕ್ಷೆಗೆ ಕೂರದೆ ಉಳಿಯುವವರನ್ನು ನೋಡಿದರೆ ಸಂಕಟ ಆಗುತ್ತದೆ.

ಬಿ.ಎಸ್‌ಸಿ. ಹುಡುಗರಿಗೂ ಒಂದು ಮಾತು. ರಸಾಯನಶಾಸ್ತ್ರ ಓದಿ ಪಿ.ಎಸ್.ಐ. ಪುಸ್ತಕ ಹಿಡಿದು ಕೂತವರು ಬಹಳ. ಔಷಧಿ ಘಟಕದಲ್ಲಿ ಪ್ರೊಡಕ್ಷನ್, ಕ್ಯೂ.ಸಿ. (ಗುಣಮಟ್ಟ ಪರೀಕ್ಷೆ), ಕ್ಯೂ.ಎ. (ಗುಣಮಟ್ಟದ ಖಾತ್ರಿ) ಅಂತ ಮೂರು ವಿಭಾಗ ಇರುತ್ತವೆ. ಕ್ಯೂ.ಸಿ.ಗೆ ಸಂದರ್ಶನದಲ್ಲಿ ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರದ ತತ್ವ, ದ್ರಾವಣದ ಸಾಂದ್ರತೆಯ ಲೆಕ್ಕ ಕೇಳುತ್ತಾರೆ. ಪ್ರೊಡಕ್ಷನ್ನಿಗೆ ಬ್ಯಾಚ್ ದಾಖಲೆ ಬರೆಯುವ ರೀತಿ ಗೊತ್ತಿರಬೇಕು. ತಪ್ಪು ಬರೆದರೆ ಮೇಲೆ ತಿದ್ದಬಾರದು, ವೈಟ್ನರ್ ಹಚ್ಚಬಾರದು. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ, ದಿನಾಂಕ, ಕಾರಣ ಹಾಕಬೇಕು. ಮೂರು ಪಾಳಿ ಇರುತ್ತದೆ, ದ್ರಾವಕದ ವಾಸನೆ ಇರುತ್ತದೆ, ಅದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟು ಕಳಿಸಿದ ಹುಡುಗ ಮೊದಲ ತಿಂಗಳಲ್ಲೇ ಮನೆಗೆ ಬಂದುಬಿಡುತ್ತಾನೆ.

ಗುತ್ತೇದಾರನ ಕೈಕೆಳಗೆ ಸೇರುವವನು ಮೊದಲ ತಿಂಗಳೇ ಕೇಳಬೇಕಾದ್ದು ಪಿ.ಎಫ್. (ಭವಿಷ್ಯ ನಿಧಿ) ಖಾತೆಯ ಯು.ಎ.ಎನ್. ಸಂಖ್ಯೆ, ಇ.ಎಸ್.ಐ. (ಕಾರ್ಮಿಕರ ವಿಮೆ) ಸಂಖ್ಯೆ. ಪಗಾರದಲ್ಲಿ ಕಡಿತ ಆಗುತ್ತಿದೆ ಅಂದರೆ ಖಾತೆಗೂ ಜಮಾ ಆಗಬೇಕು, ಮೊಬೈಲಿನಲ್ಲೇ ನೋಡಬಹುದು. ಕಲಬುರಗಿಯಲ್ಲಿ ಇ.ಎಸ್.ಐ.ಸಿ.ಯ ದೊಡ್ಡ ಆಸ್ಪತ್ರೆ ಇದ್ದರೂ ಸಂಖ್ಯೆ ಇಲ್ಲದೆ ಅದರ ಹಕ್ಕು ಸಿಗುವುದಿಲ್ಲ.


ಕಾಗಿಣಾ_ಮಾಸ್ತರ್

ಇಷ್ಟು ವಿವರ ಸಿಗ್ತದೆ ಅಂದುಕೊಂಡಿರಲಿಲ್ರಿ, ಉಪಕಾರ ಆಯ್ತು. ಆದರೆ ಹುಡುಗರು, ಅವರ ಮನೆಯವರು ಮೊದಲು ಕೇಳೋದು ಸರ್ಕಾರಿ ನೌಕರಿನೇ. 371ಜೆ ಇದೆಯಲ್ಲ, ನಮಗೆ ಹೇಗೂ ಸಿಗ್ತದೆ ಅಂತ ಧೈರ್ಯದಿಂದ ಕೂತವರೂ ಇದ್ದಾರೆ. ಅವರಿಗೆ ಏನು ಹೇಳಬೇಕು?


ತೊಗರಿ_ಕಣಜ (ಕಲಬುರಗಿ)

ಆ ಧೈರ್ಯದಲ್ಲಿ ಅರ್ಧ ಸತ್ಯ ಇದೆ ಸರ್. 371ಜೆ ಸಂವಿಧಾನಕ್ಕೆ ಬಂದದ್ದು 98ನೇ ತಿದ್ದುಪಡಿಯಿಂದ. ಅದರ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85 ಇಲ್ಲಿನವರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8. ಇದು ರಾಜ್ಯ ಸರ್ಕಾರದ ಹುದ್ದೆಗೆ ಮಾತ್ರ. ರೈಲ್ವೆಗೆ, ಬ್ಯಾಂಕಿಗೆ, ಕೇಂದ್ರದ ಯಾವ ಹುದ್ದೆಗೂ, ಖಾಸಗಿ ಕಾರ್ಖಾನೆಗೂ ಅನ್ವಯಿಸುವುದಿಲ್ಲ. ಅರ್ಹತಾ ಪ್ರಮಾಣ ಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ದಾಟಿಹೋಗುತ್ತದೆ, ಹತ್ತನೇ ತರಗತಿ ಮುಗಿದ ಕೂಡಲೇ ಮಾಡಿಸಿಡಲಿ.

ಇನ್ನು ನೌಕರಿ ಯಾವ ಆಧಾರದ ಮೇಲೆ ಸಿಗುತ್ತದೆ ಎಂಬುದು. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಪವರ್‌ಮ್ಯಾನ್ ಆಗಬೇಕೆಂದು ಎಲೆಕ್ಟ್ರಿಷಿಯನ್ ಐ.ಟಿ.ಐ. ಮಾಡುವವರು ಬಹಳ. 2024ರ ಕಿರಿಯ ಪವರ್‌ಮ್ಯಾನ್ ಅಧಿಸೂಚನೆ ಓದಿದರೆ ಅದರಲ್ಲಿ ಕೇಳಿದ್ದು ಎಸ್ಸೆಸ್ಸೆಲ್ಸಿ, ಆಯ್ಕೆಯೂ ಎಸ್ಸೆಸ್ಸೆಲ್ಸಿ ಅಂಕದ ಮೇಲೆ, ಜೊತೆಗೆ ದೇಹದಾರ್ಢ್ಯ ಪರೀಕ್ಷೆ. 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಅದರಲ್ಲಿ ಕಡ್ಡಾಯ. ಹಾಗಾದರೆ ಹತ್ತನೇ ತರಗತಿಯ ಒಂದೊಂದು ಅಂಕವೂ ಆ ಹುದ್ದೆಯ ಅಂಕವೇ. ಈ ವಿಷಯ ಹುಡುಗನಿಗೆ ಒಂಬತ್ತನೇ ತರಗತಿಯಲ್ಲಿ ತಿಳಿದರೆ ಉಪಯೋಗ, ಐ.ಟಿ.ಐ. ಎರಡನೇ ವರ್ಷದಲ್ಲಿ ತಿಳಿದರೆ ಹಿಂದೆ ಹೋಗಿ ಅಂಕ ತರಲಾಗುವುದಿಲ್ಲ.

ಪೊಲೀಸ್ ಕಾನ್‌ಸ್ಟೆಬಲ್ ಒಂದೇ ನೌಕರಿ ಅಂದುಕೊಂಡಿರುತ್ತಾರೆ. ಸಿವಿಲ್‌ಗೆ ಪಿ.ಯು. ಬೇಕು, ಸಶಸ್ತ್ರ ಮೀಸಲು ಪಡೆಗೆ ಎಸ್ಸೆಸ್ಸೆಲ್ಸಿ ಸಾಕು. ಸಾಮಾನ್ಯವಾಗಿ ಪುರುಷರ ಎತ್ತರ 168 ಸೆಂ.ಮೀ. ಕೇಳುತ್ತಾರೆ. ಹದಿನೆಂಟು ದಾಟಿ ಎತ್ತರ ನಿಂತುಹೋದ ಹುಡುಗ 165 ಇದ್ದರೆ ಮೂರು ವರ್ಷ ಓಟದ ತಯಾರಿ ಮಾಡುವ ಮುಂಚೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಅಗ್ನಿವೀರಕ್ಕೆ ನಾಲ್ಕು ವರ್ಷ ಸೇವೆ, ಅದಾದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಉಳಿದವರು ಆಮೇಲೆ ಏನು ಮಾಡುತ್ತಾರೆ ಎಂಬುದನ್ನು ಸೇರುವ ಮೊದಲೇ ಯೋಚಿಸಬೇಕು.

ಕಣ್ಣಿನ ವಿಷಯ ಯಾರೂ ಹೇಳುವುದಿಲ್ಲ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ವೈದ್ಯಕೀಯ ದರ್ಜೆ ಎ-1. ಕನ್ನಡಕ ಇಲ್ಲದೆ ಎರಡೂ ಕಣ್ಣು 6/6 ಇರಬೇಕು, ಬಣ್ಣ ಗುರುತಿಸಬೇಕು, ಲೇಸಿಕ್ (ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡರೂ ನಡೆಯುವುದಿಲ್ಲ. ಎರಡು ಲಿಖಿತ ಪರೀಕ್ಷೆ, ಕಂಪ್ಯೂಟರಿನಲ್ಲಿ ನಡೆಯುವ ಸಾಮರ್ಥ್ಯ ಪರೀಕ್ಷೆ ಎಲ್ಲ ದಾಟಿ ಕೊನೆಯ ವೈದ್ಯಕೀಯದಲ್ಲಿ ಹೊರಬೀಳುವ ಹುಡುಗನಿಗೆ ತನಗೆ ಕೆಂಪು-ಹಸಿರು ಬೆರೆಯುತ್ತದೆ ಎಂದು ಅಲ್ಲಿಯವರೆಗೂ ಗೊತ್ತಿರುವುದಿಲ್ಲ. ಈ ದೋಷ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಚುಕ್ಕಿಗಳ ನಡುವೆ ಅಂಕಿ ಓದಿಸುವ ಇಶಿಹಾರ ಪುಸ್ತಕ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಇರುತ್ತದೆ. ನೋಡಲು ಐದು ನಿಮಿಷ ಸಾಕು.

ರೈಲ್ವೆಗೆ ಇನ್ನೊಂದು. ಕಲಬುರಗಿ, ವಾಡಿ ನಿಲ್ದಾಣಗಳು ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ ಸೇರಿವೆ, ಅದರ ನೇಮಕಾತಿ ಮಂಡಳಿ ಮುಂಬೈ. ಬೆಂಗಳೂರು ಮಂಡಳಿಗೆ ಅರ್ಜಿ ಹಾಕಿ ವಾಡಿಯಲ್ಲಿ ಕೆಲಸ ಸಿಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅರ್ಜಿ ಒಂದೇ ಮಂಡಳಿಗೆ ಹಾಕಬಹುದು, ಹಾಗಾಗಿ ಖಾಲಿ ಹುದ್ದೆಯ ಪಟ್ಟಿ ನೋಡಿ ಆರಿಸಬೇಕು. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಮತ್ತು ಫಿಟ್ಟರ್ ಅಣ್ಣ ಹೇಳಿದ ಅಪ್ರೆಂಟಿಸ್ ಇಲ್ಲಿಯೂ ನೆರವಾಗುತ್ತದೆ: ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1, ಅಂದರೆ ಮೊದಲ ಹಂತದ, ಹುದ್ದೆಗಳಲ್ಲಿ ಶೇ. 20 ಮೀಸಲು.

ಆಸ್ಪತ್ರೆಯ ಕೆಲಸಗಳನ್ನೂ ಬಿಡಬೇಡಿ. ಮೂರೂ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಡಯಾಲಿಸಿಸ್, ಶಸ್ತ್ರಕ್ರಿಯಾ ಕೋಣೆ, ಎಕ್ಸ್‌ರೇ, ಲ್ಯಾಬ್, ಇವಕ್ಕೆಲ್ಲ ಪ್ಯಾರಾಮೆಡಿಕಲ್ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷ, ಪಿ.ಯು. ವಿಜ್ಞಾನದ ಮೇಲೆ ಎರಡು ವರ್ಷ. ಕಾಲೇಜಿಗೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ ಎಂದು ನೋಡಿದ ಮೇಲೆಯೇ ಫೀ ಕಟ್ಟಿಸಿ.


ಕಾಗಿಣಾ_ಮಾಸ್ತರ್

ಬಹಮನಿ ಸರ್, ನೀವು ಹೇಳಿದ ಪರೀಕ್ಷೆಯ ಮಾದರಿಯಲ್ಲಿ ನಮ್ಮ ಊರಿನದ್ದೊಂದು ಮಾಡೋಣ ಅಂತ ಪ್ರಶ್ನೆ ಬರೀತಿದ್ದೀನಿ. ಹೀಗಿದ್ದರೆ ಸರಿ ಆಗ್ತದಾ ನೋಡ್ರಿ.

ದಾಲ್ ಮಿಲ್ಲಿನ ಸಾರ್ಟೆಕ್ಸ್ ಆಪರೇಟರ್ ಏನು ಮಾಡ್ತಾನೆ? ಚೀಲ ಹೊಲೀತಾನೆ, ಕ್ಯಾಮೆರಾ ಯಂತ್ರದಿಂದ ಕಪ್ಪು ಕಾಳು ಬೇರೆ ಮಾಡ್ತಾನೆ, ಬ್ಯಾಳಿಯ ದರ ಕಟ್ಟುತ್ತಾನೆ.
ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಲಿಕ್ಕೆ ಏನು ಓದಬೇಕು? 
ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರ ಪಗಾರ ಹೆಚ್ಚು, ಖಾಸಗಿ ಶಾಲೆ ಶಿಕ್ಷಕನದೋ, 6ಜಿ ಪಾಸಾದ ಪೈಪ್ ವೆಲ್ಡರನದೋ?


ಬಹಮನಿ_ಅರ್ಥಶಾಸ್ತ್ರ

ಮೊದಲ ಪ್ರಶ್ನೆ ಚೆನ್ನಾಗಿದೆ. ತಪ್ಪು ಉತ್ತರಗಳೂ ಅದೇ ಮಿಲ್ಲಿನ ನಿಜವಾದ ಕೆಲಸಗಳೇ ಆಗಿರುವುದರಿಂದ ಊಹೆಯಿಂದ ಬರೆಯಲಾಗದು. ಎಲ್ಲ ಪ್ರಶ್ನೆಗೂ ಅದೇ ಕ್ರಮ ಇಟ್ಟುಕೊಳ್ಳಿ. ಎರಡನೆಯದಕ್ಕೂ ಮೂರು ಉತ್ತರ ಕೊಡಿ: ಪಿ.ಯು. ವಿಜ್ಞಾನ, ಎರಡು ವರ್ಷದ ಐ.ಟಿ.ಐ., ನಾಲ್ಕು ವರ್ಷದ ಬಿ.ಇ.

ಮೂರನೆಯದನ್ನು ಹಾಗೇ ಕೇಳಬೇಡಿ. ಪಗಾರ ಊರಿನಿಂದ ಊರಿಗೆ, ಗುತ್ತೇದಾರನಿಂದ ಗುತ್ತೇದಾರನಿಗೆ ಬದಲಾಗುತ್ತದೆ, ನಿಮ್ಮ ಕೈಯಲ್ಲಿ ಖಚಿತ ಅಂಕಿ ಇಲ್ಲದೆ ಸರಿ ಉತ್ತರ ಇದು ಎಂದು ಹೇಳುವಂತಿಲ್ಲ. ಜೆನ್ಸನ್ ಪ್ರಯೋಗ ಕೆಲಸ ಮಾಡಿದ್ದು ಹುಡುಗರಿಗೆ ಕೊಟ್ಟ ಅಂಕಿ ನಿಜವಾಗಿದ್ದರಿಂದ. ನ್ಯಾಷನಲ್ ಕೆರಿಯರ್ ಸರ್ವಿಸ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ನಮ್ಮ ಮೂರು ಜಿಲ್ಲೆ, ಹೈದರಾಬಾದ್, ಪುಣೆಯ ಜಾಹೀರಾತುಗಳಲ್ಲಿ ಬರೆದಿರುವ ಪಗಾರವನ್ನು ಕೆಲಸವಾರು ಒಂದು ವಹಿಯಲ್ಲಿ ಬರೆಯುತ್ತಾ ಹೋಗಿ. ಹುಡುಗರಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಊರಿನಲ್ಲಿ ಕೆಲಸದಲ್ಲಿರುವವರನ್ನು ಕೇಳುವಾಗ ಕೈಗೆ ಬರುವುದೆಷ್ಟು, ಓವರ್‌ಟೈಮ್ ಸೇರಿ ಎಷ್ಟು, ರೂಮಿನ ಬಾಡಿಗೆ ಕಳೆದು ಉಳಿಯುವುದೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿಸಿ. ಪುಣೆಯ ಹದಿನೆಂಟು ಸಾವಿರ ಮತ್ತು ವಾಡಿಯ ಹದಿನಾಲ್ಕು ಸಾವಿರ ಅಂತ ಇಟ್ಟುಕೊಳ್ಳಿ, ಇವನ್ನು ಹೋಲಿಸಬೇಕಾದ್ದು ಈ ಮೂರನೇ ಅಂಕಿಯಲ್ಲಿ.

ಪರೀಕ್ಷೆಯನ್ನು ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಒಮ್ಮೆ, ಅದೇ ಹುಡುಗರಿಗೆ ಮುಂದಿನ ಫೆಬ್ರವರಿಯಲ್ಲಿ ಒಮ್ಮೆ ಕೊಡಿ. ಅಂಕವನ್ನು ಹುಡುಗರ ಮುಂದೆ ಓದಬೇಡಿ. ಯಾವ ಪ್ರಶ್ನೆಗೆ ಹೆಚ್ಚು ಜನ ತಪ್ಪು ಉತ್ತರ ಕೊಟ್ಟಿದ್ದಾರೆ ಎಂಬುದಷ್ಟೇ ನಿಮಗೆ ಬೇಕು, ಮುಂದಿನ ಶನಿವಾರ ಅದನ್ನೇ ತೆಗೆದುಕೊಳ್ಳಬಹುದು.


ಫಿಟ್ಟರ್_ಯಾದಗಿರಿ

ಒಂದು ಸೇರಿಸ್ರಿ ಮಾಸ್ತರ್ರ. ಪ್ರತಿ ಕೆಲಸದ ಕೆಳಗ 'ಈ ದಾರಿಗಿ ಕೊನೇ ವಯಸ್ಸೆಷ್ಟು, ಅರ್ಜಿ ಯಾವ ತಿಂಗಳು' ಅಂತ ಒಂದು ಸಾಲು ಇರಲಿ. ಗೊತ್ತಿದ್ದೂ ತಾರೀಕು ತಪ್ಪಿಸಿಕೊಂಡವರು ಗೊತ್ತಿಲ್ಲದವರಷ್ಟೇ ಮಂದಿ ಅದಾರ. ಮತ್ತ ಜಿ.ಟಿ.ಟಿ.ಸಿ. (ಸರ್ಕಾರಿ ಉಪಕರಣಾಗಾರ ಮತ್ತ ತರಬೇತಿ ಕೇಂದ್ರ) ಬಿಟ್ಟೀರಿ. ಕಲಬುರಗಿಯಾಗ ಅದ. ಎಸ್ಸೆಸ್ಸೆಲ್ಸಿ ಮ್ಯಾಲ ಟೂಲ್ ಅಂಡ್ ಡೈ ಡಿಪ್ಲೊಮಾ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯೊಳಗ ತರಬೇತಿ. ಪಾಲಿಟೆಕ್ನಿಕ್ ಅರ್ಜಿ ಹಾಕಿದ್ರ ಇದೂ ಬಂತು ಅಂತ ತಿಳೀತಾರ, ಇದಕ್ಕ ಅರ್ಜಿ ಬ್ಯಾರೇನೇ ಹಾಕಬೇಕು.


ಕೊಳಾರ_ಬಿ_ಶಿಫ್ಟ್

ಕಾರ್ಖಾನೆ ತೋರಿಸಲು ಕರೆತರುವುದಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಂಚೆಯೇ ಬರೆಯಿರಿ, ಹುಡುಗರ ಸಂಖ್ಯೆ, ವಯಸ್ಸು, ಜೊತೆಗೆ ಬರುವ ಶಿಕ್ಷಕರ ಹೆಸರು ಹಾಕಿ. ಇಪ್ಪತ್ತರ ಒಳಗಿನ ಗುಂಪಾದರೆ ಒಪ್ಪುವುದು ಸುಲಭ. ಚಪ್ಪಲಿ ಹಾಕಿ ಬಂದವರನ್ನು ಒಳಗೆ ಬಿಡುವುದಿಲ್ಲ, ಬೂಟು ಇಲ್ಲದ ಹುಡುಗರಿಗೆ ಮೊದಲೇ ಹೊಂದಿಸಿಕೊಳ್ಳಿ. ದ್ರಾವಕ ಇರುವ ಕಡೆ ಮೊಬೈಲ್ ಬಿಡುವುದಿಲ್ಲ, ಹಾಗಾಗಿ ಪ್ರತಿ ಹುಡುಗನ ಕೈಯಲ್ಲಿ ಕಾಗದ, ಪೆನ್ನು ಇರಲಿ. ಕಂಟ್ರೋಲ್ ರೂಮ್, ಲ್ಯಾಬ್, ಬಾಯ್ಲರ್, ಮೆಂಟೆನನ್ಸ್ ವರ್ಕ್‌ಶಾಪ್, ಈ ನಾಲ್ಕು ಜಾಗ ತೋರಿಸಿ ಎಂದು ಪತ್ರದಲ್ಲೇ ಕೇಳಿ. ಕೇಳದಿದ್ದರೆ ಪ್ಯಾಕಿಂಗ್ ತೋರಿಸಿ ಚಹಾ ಕೊಟ್ಟು ಕಳಿಸುತ್ತಾರೆ.